ಮೂರು ತಿಂಗಳು ಜಾಗ್ರತೆ

ಫೆಬ್ರವರಿ 5, ಬೆಳಗ್ಗೆ ಹನ್ನೊಂದೂವರೆ. ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತು ಹೋಗುವುದು ಆಕೆಯ ರೂಢಿ. ಅವತ್ತು ಒಂದು ಗಂಟೆಯಾದರೂ ಎದ್ದಿರಲಿಲ್ಲ. ಓಪಿಡಿ ಖಾಲಿಯಾಗುವವರೆಗೆ ಕಾದು ಒಳಗೆ ಬಂದಳು. ಬಾಗಿಲನ್ನು ತಾನೇ ಎಳೆದುಕೊಂಡಳು. "ಮೇಡಂ, ಹೋದ ತಿಂಗಳು ಮುಟ್ಟಾಗ್ಲಿಲ್ಲ" ಅಂದಳು.

ನಾನು ಲೆಕ್ಕ ಹಾಕುವ ಮೊದಲೇ ಇನ್ನೊಂದು ಮಾತು ಸೇರಿಸಿದಳು. "ನಮ್ಮನೆಯವರಿಗೆ ಆಪರೇಷನ್ ಆಗಿದೆಯಲ್ಲ ಮೇಡಂ. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಆತನನ್ನು ಸಂತಾನಹರಣ ಆಪರೇಷನ್ನಿಗೆ ಒಪ್ಪಿಸಿದವಳೇ ನಾನು.

ಬಸಿರು ಪತ್ತೆ ಮಾಡುವ ನಿಶ್ಚಯ್ ಕಿಟ್‌ನಲ್ಲಿ ಐದು ನಿಮಿಷಕ್ಕೆ ಎರಡು ಗೆರೆ ಮೂಡಿತು. ಕೊನೆಯ ಮುಟ್ಟು ಡಿಸೆಂಬರ್ 20ಕ್ಕೆ. ಅಂದರೆ ಆರು ವಾರ ದಾಟಿ ಏಳನೇ ವಾರ ಮುಗಿಯುತ್ತಾ ಬಂದಿದೆ. ಆಕೆ ಅಳಲಿಲ್ಲ. ಗಂಡ ಮಾತು ಬಿಟ್ಟು ಎಂಟು ದಿನವಾಯ್ತು, ರಾತ್ರಿ ಹೊಲದ ಶೆಡ್ಡಿನಲ್ಲಿ ಮಲಗುತ್ತಾನೆ ಎಂದಷ್ಟೇ ಹೇಳಿದಳು. ಬೆಳಗ್ಗೆ ಆಕೆ ವಾಂತಿ ಮಾಡಿಕೊಂಡದ್ದನ್ನು ಅತ್ತೆ ನೋಡಿದ್ದರು. ಗಂಡನೂ ನೋಡಿದ್ದ. ಅತ್ತೆಗೆ ಖುಷಿಯೋ ಖುಷಿ. ಗಂಡ ಊಟ ಬಿಟ್ಟು ಎದ್ದು ಹೋದನಂತೆ.

ಇದು ಹಾಸನ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದಾಗ ನಡೆದದ್ದು. ಆಲೂಗಡ್ಡೆ, ಶುಂಠಿ, ಮುಸುಕಿನ ಜೋಳ ಬೆಳೆಯುವ ಸೀಮೆ. ಯಾರೆಂದು ಗೊತ್ತಾಗಬಾರದು ಅಂತ ವಯಸ್ಸು, ತಾರೀಖು, ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಹಾಕಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಹಿಂದಿನದು

ಆಕೆಗೆ 27, ಆತನಿಗೆ 34. ಮಗಳಿಗೆ ಏಳು ವರ್ಷ, ಮಗನಿಗೆ ಎರಡು. "ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಅಂತ ಊರಲ್ಲಿ ಹೇಳುವ ಹಾಗೆ, ಲೆಕ್ಕ ಸರಿಹೋಗಿತ್ತು. ಎರಡೆಕರೆ ಜಮೀನು, ಅರ್ಧದಲ್ಲಿ ಶುಂಠಿ, ಒಂದು ಗೂಡ್ಸ್ ಗಾಡಿ. ಮನೆಯಲ್ಲಿ ಆತನ ಅವ್ವ, ಅಪ್ಪ.

ಮೊದಲ ಹೆರಿಗೆಯ ನಂತರ ಕಾಪರ್-ಟಿ ಹಾಕಿಸಿಕೊಂಡಿದ್ದಳು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಿ ಎಂಟು ತಿಂಗಳಿಗೆ ತೆಗೆಸಿದಳು. ಎಲ್ಲರಿಗೂ ಹೀಗಾಗುವುದಿಲ್ಲ. ಆಕೆಗೆ ಆಯಿತು.

ಎರಡನೇ ಬಸಿರಿನ ಐದನೇ ತಿಂಗಳಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಾತ್ರಿ ಅಂಗಾತ ಮಲಗಲು ಆಗುತ್ತಿರಲಿಲ್ಲ. ಬಸುರಿ ಹೆಂಗಸು ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ಮನೆಯಲ್ಲಿ ಸುಮ್ಮನಿದ್ದರು. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರೇ ನೋಡುವ ಒಂದು ದಿನ ಇದೆಯಲ್ಲ, ಅವತ್ತು ಸ್ಟೆತಸ್ಕೋಪ್ ಇಟ್ಟಾಗ ಎದೆಯಲ್ಲಿ ಬೇರೆಯದೇ ಸದ್ದು ಕೇಳಿಸಿತು. ಹಾಸನದಲ್ಲಿ ಎಕೋ ಮಾಡಿಸಿದರೆ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ ಎಂದು ಬಂತು. ಚಿಕ್ಕಂದಿನಲ್ಲಿ ಗಂಟಲು ನೋವಿನ ಹಿಂದೆಯೇ ಬಂದು ಹೋದ ಕೀಲುನೋವಿನ ಜ್ವರ ಮಾಡಿಟ್ಟ ಕೆಲಸ ಅದು. ಅಂಥ ಜ್ವರ ಮರುಕಳಿಸಿದಷ್ಟೂ ಕವಾಟ ಕೆಡುತ್ತದೆ. ಹಾಗಾಗಿ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ನಮ್ಮ ಕೇಂದ್ರಕ್ಕೆ ಆಕೆಯಷ್ಟು ತಪ್ಪದೆ ಬರುತ್ತಿದ್ದವರು ಇನ್ನೊಬ್ಬರಿಲ್ಲ.

ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಜಾಸ್ತಿಯಾಗುತ್ತದೆ. ಕಿರಿದಾದ ಕವಾಟಕ್ಕೆ ಅದು ತೇರಿನ ದಿನ ಸಣ್ಣ ಬಾಗಿಲಲ್ಲಿ ಜನ ನುಗ್ಗಿದ ಹಾಗೆ. ಮುಂದೆ ಹೋಗಲಾರದ ರಕ್ತ ಹಿಂದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ, ಅಲ್ಲಿ ನೀರು ತುಂಬುತ್ತದೆ. ಎರಡನೇ ಹೆರಿಗೆ ಮುಗಿಸಿ ಆಕೆ ನಾಲ್ಕು ದಿನ ಐಸಿಯುನಲ್ಲಿದ್ದು ಮನೆಗೆ ಬಂದಳು. ಮೈಸೂರಿನ ಜಯದೇವದಲ್ಲಿ ಹೃದಯದ ಡಾಕ್ಟರು ಗಂಡನನ್ನು ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು: ಕವಾಟಕ್ಕೆ ಒಂದು ದಾರಿ ಆಗುವವರೆಗೆ ಇನ್ನೊಂದು ಬಸಿರು ಬೇಡ.

ಬೇಡ ಅನ್ನುವುದು ಸುಲಭ. ಹೇಗೆ? ಹೆಣ್ಣುಮಕ್ಕಳ ಆಪರೇಷನ್ ಕ್ಯಾಂಪಿಗೆ ಹೋದಳು. ಎಕೋ ರಿಪೋರ್ಟ್ ನೋಡಿ ಸರ್ಜನ್ ವಾಪಸ್ ಕಳಿಸಿದರು. ಅವರು ಮಾಡಿದ್ದು ಸರಿ. ಮಾಲಾ-ಎನ್ ಥರದ ಗರ್ಭನಿರೋಧಕ ಮಾತ್ರೆ ರಕ್ತ ಹೆಪ್ಪುಗಟ್ಟಿಸುವ ಭಯದಿಂದ ಆಕೆಗೆ ಕೊಡುವ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ಹಾಕುವ, "ಅಂತರ" ಅನ್ನುವ ಗರ್ಭನಿರೋಧಕ ಇಂಜೆಕ್ಷನ್ ಕೊಡಬಹುದಿತ್ತು. ಅದರಲ್ಲಿ ಮುಟ್ಟು ಏರುಪೇರಾಗುತ್ತದೆ ಅಂದ ತಕ್ಷಣ ಆಕೆ ಬೇಡವೆಂದಳು. ಕಾಪರ್-ಟಿಯ ನೆನಪು ಇನ್ನೂ ಹಸಿಯಾಗಿತ್ತು.

ಆಮೇಲೆ ಉಳಿದವನು ಗಂಡ.

ಗಂಡಸರ ಸಾಲು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹಾಳೆ ತೆಗೆದು ನೋಡಿ. 15ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ ಶೇಕಡಾ 57.4 ಮಂದಿಗೆ ಸಂತಾನಹರಣ ಆಪರೇಷನ್ ಆಗಿದೆ. ಅದರ ಕೆಳಗೇ ಗಂಡಸರ ಆಪರೇಷನ್ನಿನ ಸಾಲು. ಅಲ್ಲಿರುವುದು 0.0. ಒಬ್ಬರೂ ಮಾಡಿಸಿಕೊಂಡಿಲ್ಲ ಅಂತಲ್ಲ, ಒಂದು ದಶಮಾಂಶಕ್ಕೂ ಏರದಷ್ಟು ಕಡಿಮೆ. ಹೊಟ್ಟೆ ಕೊಯ್ಯಬೇಕಾದ ಆಪರೇಷನ್ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ. ಹೊಲಿಗೆಯೂ ಬೇಡದ, ಹತ್ತು ಹದಿನೈದು ನಿಮಿಷದ ಆಪರೇಷನ್ ಯಾರಿಗೂ ಬೇಡ.

ನಮ್ಮ ಸೀಮೆಗೆ ಈ ವಿಷಯ ಹೊಸದೇನಲ್ಲ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಜನನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಸರ್ಕಾರವೇ ಇಂಥದ್ದನ್ನು ನಡೆಸಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಹಾಸನ ಆಗ ಆ ಸಂಸ್ಥಾನದ್ದೇ ಜಿಲ್ಲೆ. ಆದರೆ ಊರಿನ ಗಂಡಸರಿಗೆ ನೆನಪಿರುವುದು 1930 ಅಲ್ಲ. 1976.

ತುರ್ತು ಪರಿಸ್ಥಿತಿಯ ಆ ಒಂದೇ ವರ್ಷದಲ್ಲಿ, 1976–77ರಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು. ಹೆಚ್ಚಿನವು ಗಂಡಸರಿಗೆ. ಈ ಪ್ರಕರಣದ ಗಂಡನ ಅಪ್ಪ ಆಗ ಹದಿಹರೆಯದ ಹುಡುಗ. ಸರ್ಕಾರಿ ಜೀಪಿನ ಸದ್ದು ಕೇಳಿದರೆ ತನ್ನ ದೊಡ್ಡಪ್ಪ ಕಬ್ಬಿನ ಗದ್ದೆಗೆ ಓಡಿ ಹೋಗುತ್ತಿದ್ದುದನ್ನು ಈಗಲೂ ಜಗುಲಿಯ ಮೇಲೆ ಕೂತು ಹೇಳುತ್ತಾರಂತೆ. ಕೇಳುವವರು ನಗುತ್ತಾರೆ. ನಕ್ಕರೂ ಭಯ ಮಾತ್ರ ಮಗನಿಗೆ, ಮೊಮ್ಮಗನಿಗೆ ಇಳಿದುಕೊಂಡು ಬಂದಿದೆ.

ಆತ ಮೂರು ಸಲ ಬಂದು ಹೋದ. ಮೊದಲ ಸಲ ಹೆಂಡತಿಯ ಜೊತೆ, ಬಾಯಿ ಬಿಡಲಿಲ್ಲ. ಎರಡನೇ ಸಲ ಒಬ್ಬನೇ. "ಮೂಟೆ ಎತ್ತೋಕೆ ಆಯ್ತದಾ ಮೇಡಂ?" ಅಂದ. ಆತ ಕೇಳಬೇಕಿದ್ದ ಪ್ರಶ್ನೆ ಅದಲ್ಲ. ಮೂರನೇ ಸಲ, ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ನಿಜವಾದ ಪ್ರಶ್ನೆ ಕೇಳಿದ. "ಧಾತು ನಿಂತು ಹೋಯ್ತದಾ?"

ಇಲ್ಲ. ವೀರ್ಯದಲ್ಲಿ ವೀರ್ಯಾಣುವಿನ ಪಾಲು ಹೆಚ್ಚೆಂದರೆ ನೂರಕ್ಕೆ ಐದು. ಉಳಿದದ್ದೆಲ್ಲ ಬೇರೆ ಗ್ರಂಥಿಗಳಿಂದ ಬರುವ ದ್ರವ. ಆಪರೇಷನ್ನಿನಲ್ಲಿ ವೀರ್ಯಾಣು ಬರುವ ನಾಳವನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ. ಆಸೆ, ಶಕ್ತಿ, ಸುಖ ಎಲ್ಲ ಮೊದಲಿದ್ದ ಹಾಗೇ ಇರುತ್ತದೆ. ಇದನ್ನು ನಾನು ಚೆನ್ನಾಗಿಯೇ ವಿವರಿಸಿದೆ. ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಒಪ್ಪಿಸುವುದರಲ್ಲೇ ನನ್ನ ಮಾತೆಲ್ಲ ಖರ್ಚಾಯಿತು ಅಂತ ಈಗ ಅನ್ನಿಸುತ್ತದೆ.

ಆತನದು ಒಂದೇ ಷರತ್ತು. ಮನೆಯಲ್ಲಿ ಅವ್ವನಿಗೂ ಅಪ್ಪನಿಗೂ ಗೊತ್ತಾಗಬಾರದು.

ನವೆಂಬರ್ 27

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್ನಿಗೆಂದೇ ಎರಡು ವಾರ ವಿಶೇಷ ಕಾರ್ಯಕ್ರಮ ನಡೆಯುತ್ತದೆ. ಆ ಎರಡು ವಾರದಲ್ಲಿ ಆತನಿಗೂ ಆಯಿತು. ಸರ್ಜನ್ ಒಳ್ಳೆಯ ಕೈ. ಎರಡು ಗಂಟೆಯೊಳಗೆ ಆತ ಮನೆ ಸೇರಿದ್ದ. ಬೈಕಿನಿಂದ ಬಿದ್ದೆ ಅಂತ ಅವ್ವನಿಗೆ ಹೇಳಿದ. ಅವ್ವ ಅರಿಶಿನ ಹಾಕಿ ಹಾಲು ಕಾಸಿಕೊಟ್ಟರು.

ಏಳನೇ ದಿನ ನನ್ನ ಹತ್ತಿರ ಬಂದ. ಅದೇ ದಿನ ಹೆಂಡತಿಯ ಇಂಜೆಕ್ಷನ್ನಿನ ಸರದಿಯೂ ಇತ್ತು, ಇಬ್ಬರೂ ಒಟ್ಟಿಗೇ ಬಂದಿದ್ದರು. ಹೊರಗೆ ನಲವತ್ತು ಜನ. ಗಾಯ ನೋಡಿದೆ, ಮಾಗಿತ್ತು. ನಾನು ಹೇಳಿದ ಮಾತು ಒಂದಕ್ಷರ ಬಿಡದೆ ನೆನಪಿದೆ. "ಎಲ್ಲ ಸರಿಯಾಗಿದೆಯಪ್ಪ. ಮೂರು ತಿಂಗಳು ಜಾಗ್ರತೆ."

ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟು. ನಾಳ ಕತ್ತರಿಸಿದ ಜಾಗದಿಂದ ಮುಂದಕ್ಕೆ ಮೊದಲೇ ಸೇರಿಕೊಂಡಿರುವ ವೀರ್ಯಾಣು ಪೂರ್ತಿ ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಪ್ರತಿ ಸಲವೂ ನಿರೋಧ್ ಬಳಸಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಒಂದೂ ವೀರ್ಯಾಣು ಇಲ್ಲ ಅಂತ ಬಂದರೆ ಮಾತ್ರ ಆಪರೇಷನ್ ಮುಗಿದ ಹಾಗೆ. ಗಂಡಸರಿಗೆ ಸಂತಾನಹರಣದ ಪ್ರಮಾಣಪತ್ರ ಕೊಡುವುದೂ ಆ ಪರೀಕ್ಷೆಯ ನಂತರವೇ.

ಇದೆಲ್ಲ "ಜಾಗ್ರತೆ" ಅನ್ನುವ ಒಂದು ಪದದೊಳಗೆ ಇದೆ ಅಂತ ನಾನು ಅಂದುಕೊಂಡಿದ್ದೆ.

ಕ್ಯಾಂಪಿನಲ್ಲಿ ಹೇಳಿರುತ್ತಾರೆ ಅಂತಲೂ ಅಂದುಕೊಂಡಿದ್ದೆ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು: ಅಲ್ಲಿ ಮಾತನಾಡಿದವಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ಇಪ್ಪತ್ತಮೂರರ ಹುಡುಗಿ. ಬೆಂಚಿನ ಮೇಲೆ ಲುಂಗಿ ಉಟ್ಟು ಕೂತ ಆರು ಗಂಡಸರ ಮುಂದೆ ಪಾಪ ಅವಳೂ ನೆಲ ನೋಡಿಕೊಂಡು "ಮೂರು ತಿಂಗಳು ಜಾಗ್ರತೆ, ಭಾರ ಎತ್ತಬೇಡಿ, ನೀರು ಸೋಕಿಸಬೇಡಿ" ಅಂತ ಒಂದೇ ಉಸಿರಿಗೆ ಹೇಳಿದ್ದಾಳೆ. ಮುದುರಿದ ಕಾಗದದಲ್ಲಿ ನಿರೋಧ್ ಕೊಟ್ಟಿದ್ದಾಳೆ. ಅವಳು ಡಾಕ್ಟರಲ್ಲ. ನಾನು ಡಾಕ್ಟರು, ಮದುವೆಯಾದವಳು, ಬಾಗಿಲು ಹಾಕಿದ ಕೋಣೆಯಲ್ಲಿದ್ದೆ. ನಾನೂ ಅವಳಿಗಿಂತ ಹೆಚ್ಚೇನೂ ಹೇಳಿರಲಿಲ್ಲ.

ಚೀಲದೊಳಗಿನ ಡಬ್ಬಿ

ಫೆಬ್ರವರಿ 5ಕ್ಕೆ ವಾಪಸ್ ಬರುತ್ತೇನೆ. ಆಕೆ ಎದ್ದು ಹೋಗುವ ಮೊದಲು ವ್ಯಾನಿಟಿ ಬ್ಯಾಗಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಗರ್ಭ ತೆಗೆಯುವ ಐದು ಗುಳಿಗೆಯ ಕಿಟ್. ಸಂಬಂಧಿಯೊಬ್ಬರು ಮೆಡಿಕಲ್ ಸ್ಟೋರಿನಿಂದ ಚೀಟಿ ಇಲ್ಲದೆ ತಂದುಕೊಟ್ಟಿದ್ದರು. "ಇದನ್ನ ನುಂಗಿಬಿಡಲಾ ಮೇಡಂ? ಯಾರಿಗೂ ಗೊತ್ತಾಗಲ್ಲ ಅಂದ್ರು."

ಈ ಗುಳಿಗೆ ಕೆಟ್ಟದ್ದಲ್ಲ. ಡಾಕ್ಟರ ಕಣ್ಣಳತೆಯಲ್ಲಿ, ಸರಿಯಾದ ವಾರದಲ್ಲಿ ಕೊಟ್ಟರೆ ಒಳ್ಳೆಯ ಮದ್ದು. ಆದರೆ ಕವಾಟ ಕಿರಿದಾದವಳು, ಮೊದಲೇ ರಕ್ತ ಕಡಿಮೆ ಇರುವವಳು ರಾತ್ರಿ ಹಿತ್ತಲಿನಲ್ಲಿ ಒಬ್ಬಳೇ ಕೂತು ರಕ್ತ ಹೋಗಿಸಿಕೊಂಡರೆ? ಬಸಿರಿನ ಅಪಾಯ ತಪ್ಪಿಸಲು ಹೋಗಿ ಅದಕ್ಕಿಂತ ದೊಡ್ಡದನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಳು. ಡಬ್ಬಿಯನ್ನು ನನ್ನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ಆಕೆ ತೋರಿಸಿದಳು, ಅಷ್ಟೇ ಪುಣ್ಯ. ಮೂರು ವಾರಕ್ಕೊಮ್ಮೆ ಬಂದು ಬಂದು ಬೆಳೆದ ಸಲುಗೆ ಅವತ್ತು ಕೆಲಸಕ್ಕೆ ಬಂತು.

"ನಿನಗೇನು ಬೇಕು?" ಅಂತ ಕೇಳಿದೆ. ಈ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಇನ್ನೊಂದು ಬೇಡ ಮೇಡಂ. ಇರೋ ಎರಡಕ್ಕೆ ನಾನು ಬೇಕು." ಆಮೇಲೆ ಸಣ್ಣ ದನಿಯಲ್ಲಿ, "ಅದಕ್ಕೂ ಮೊದಲು ಅವರಿಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ."

ಆಕೆಯ ನಡತೆಯ ಬಗ್ಗೆ ನಾನು ಏನನ್ನೂ ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ, ಅಗತ್ಯವೂ ಇರಲಿಲ್ಲ. ಕೊನೆಯ ಮುಟ್ಟು ಡಿಸೆಂಬರ್ 20 ಅಂದರೆ ಗರ್ಭ ನಿಂತದ್ದು ಜನವರಿ ಮೊದಲ ವಾರದ ಆಸುಪಾಸು. ಆಪರೇಷನ್ನಾಗಿ ಆಗಿನ್ನೂ ಐದಾರು ವಾರ. ತಾರೀಖುಗಳೇ ಎಲ್ಲ ಹೇಳುತ್ತಿದ್ದವು.

ಪರೀಕ್ಷೆ ಮೊದಲೋ, ಮಾತು ಮೊದಲೋ

ಇಲ್ಲಿ ನಾನು ಎರಡು ದಿನ ಒದ್ದಾಡಿದೆ. ಸುಲಭದ ದಾರಿ ಅಂದರೆ ಗಂಡನನ್ನು ಕರೆಸಿ ವೀರ್ಯ ಪರೀಕ್ಷೆ ಮಾಡಿಸುವುದು. ವೀರ್ಯಾಣು ಕಂಡರೆ, ನೋಡಪ್ಪ, ಇನ್ನೂ ಇದೆ ಅಂತ ತೋರಿಸಬಹುದು. ಮಾತು ಮುಗಿಯುತ್ತದೆ.

ಕಾಣದಿದ್ದರೆ? ಆಪರೇಷನ್ನಾಗಿ ಆಗಲೇ ಹತ್ತು ವಾರ ದಾಟಿತ್ತು. ಇಷ್ಟರಲ್ಲಿ ಖಾಲಿಯಾಗಿರುವ ಸಾಧ್ಯತೆ ಸಾಕಷ್ಟಿತ್ತು. ಆಗ ನನ್ನ ಕೈಯಾರೆ ನಾನೇ ಆತನಿಗೆ ಸಂಶಯದ ಪುರಾವೆ ಬರೆದುಕೊಟ್ಟ ಹಾಗೆ. ಫೆಬ್ರವರಿಯ ರಿಪೋರ್ಟು ಜನವರಿಯ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಮುದ್ರೆ ಬಿದ್ದ ಕಾಗದ ನೋಡಿದ ಮೇಲೆ ಈ ಮಾತು ಯಾರ ತಲೆಗೆ ಹೋಗುತ್ತದೆ? ಇನ್ನೂ ಒಂದು ವಿಷಯ ಚುಚ್ಚುತ್ತಿತ್ತು. ಯಾವ ಪರೀಕ್ಷೆಯೂ ಹೆಂಡತಿಯ ಶೀಲದ ಪರೀಕ್ಷೆ ಆಗಬಾರದು. ಸೀತೆಯ ಬೆಂಕಿಯನ್ನು ಲ್ಯಾಬಿನಲ್ಲಿ ಹಚ್ಚಲು ನನಗೆ ಇಷ್ಟವಿರಲಿಲ್ಲ.

ಮಾತೇ ಮೊದಲು ಅಂತ ತೀರ್ಮಾನಿಸಿದೆ. ನಾನೇ ಫೋನ್ ಮಾಡಿದೆ. "ನಿಮ್ಮ ಇನ್ನೊಂದು ಚೆಕಪ್ ಬಾಕಿ ಇದೆ, ಬನ್ನಿ" ಅಂದೆ. ಸುಳ್ಳಲ್ಲ, ನಿಜವಾಗಿಯೂ ಬಾಕಿ ಇತ್ತು.

ಫೆಬ್ರವರಿ 9ರಂದು ಸಂಜೆ, ಎಲ್ಲರೂ ಹೋದ ಮೇಲೆ ಬಂದ. ಕಣ್ಣು ಕೆಂಪಗಿತ್ತು, ಗಡ್ಡ ಬಿಟ್ಟಿದ್ದ. ನಾನು ಬಸಿರಿನ ಸುದ್ದಿ ಎತ್ತಲಿಲ್ಲ. "ಆಪರೇಷನ್ ಆದಮೇಲೆ ಹೇಗಿದ್ದೀರಿ? ಜಾಗ್ರತೆಯಾಗಿ ಇದ್ರಾ?" ಅಂದೆ.

"ಇದ್ದೆ ಮೇಡಂ. ನೀವು ಹೇಳಿದ ಹಂಗೇ ಮೂರು ತಿಂಗಳೂ ಪಾಲಿಸ್ತಾ ಇದ್ದೀನಿ. ಒಂದು ಮೂಟೆ ಮುಟ್ಟಿಲ್ಲ."

ಶುಂಠಿ ಕೀಳುವ ಕಾಲ ಅದು. ಒಂದೊಂದು ಚೀಲ 60 ಕೆಜಿ. ಪ್ರತಿ ವರ್ಷ ತಾನೇ ಗಾಡಿಗೆ ಎತ್ತಿ ಹಾಕುತ್ತಿದ್ದವನು ಈ ಸಲ ಕೂಲಿ ಕೊಟ್ಟು ಇನ್ನೊಬ್ಬರ ಕೈಲಿ ಹಾಕಿಸಿದ್ದ. ಅಪ್ಪ ಸೋಮಾರಿ ಅಂತ ಬೈದರೂ ಬಾಯಿ ಬಿಟ್ಟಿರಲಿಲ್ಲ. ಸೈಕಲ್ ತುಳಿದಿರಲಿಲ್ಲ, ಕೆರೆಗೆ ಇಳಿದಿರಲಿಲ್ಲ. ಖಾರ ಕೂಡ ಕಡಿಮೆ ಮಾಡಿದ್ದನಂತೆ.

ನಾನು ಹೇಳಿದ ಜಾಗ್ರತೆಯನ್ನು ನನ್ನ ಯಾವ ರೋಗಿಯೂ ಇಷ್ಟು ನಿಷ್ಠೆಯಿಂದ ಪಾಲಿಸಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದವಳಿಗೆ ಮೈ ತಣ್ಣಗಾಯಿತು.

"ಅಲ್ಲಿ ಕೊಟ್ಟ ನಿರೋಧ್?"

ಮುಖ ತಗ್ಗಿಸಿದ. ಮನೆಯಲ್ಲಿ ಯಾರಾದರೂ ನೋಡಿಯಾರು ಅಂತ ಬರುವಾಗಲೇ ದಾರಿಯ ನಾಲೆಗೆ ಎಸೆದಿದ್ದ. "ಆಪರೇಷನ್ನೇ ಆದಮೇಲೆ ಅದ್ಯಾಕೆ ಅಂತ."

ಆಗ ಎಲ್ಲವನ್ನೂ ಬಿಡಿಸಿ ಹೇಳಿದೆ. ಈ ಸಲ ಸುತ್ತು ಬಳಸಲಿಲ್ಲ. ನಾಳ, ವೀರ್ಯಾಣು, ಹೆಂಡತಿಯ ಜೊತೆ ಸೇರುವುದು, ಎಷ್ಟು ದಿನ, ಏನು ಹಾಕಿಕೊಳ್ಳಬೇಕು, ಎಲ್ಲ. ನನ್ನ ಕಿವಿಯೂ ಬಿಸಿಯಾಗಿತ್ತು, ಆತನದೂ ಬಿಸಿಯಾಗಿತ್ತು. ಹೇಳಿ ಮುಗಿಸಿ, "ಇದನ್ನ ಡಿಸೆಂಬರಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು" ಅಂದೆ.

ಆತ ತುಂಬಾ ಹೊತ್ತು ಗೋಡೆ ನೋಡುತ್ತಿದ್ದ. ಆಮೇಲೆ ತನ್ನಷ್ಟಕ್ಕೇ ಹೇಳಿಕೊಂಡ: "ಗೇಟ್‌ವಾಲ್ ಬಂದ್ ಮಾಡಿದ್ರೂ ಪೈಪಲ್ಲಿ ನಿಂತಿರೋ ನೀರು ಬರ್ತದಲ್ಲ... ಹಂಗೆ."

ಹಂಗೇ. ನನ್ನ ಚಿತ್ರಗಳಿಗಿಂತ ಇದು ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ.

ಮೂರು ದಿನ ಬಿಟ್ಟು ಪರೀಕ್ಷೆ ಮಾಡಿಸಿದೆವು. ಆತನೇ ಬೇಕು ಅಂದ. ರಿಪೋರ್ಟು ಸೊನ್ನೆ. ನಾನು ಹೆದರಿದ್ದೇ ಆಯಿತು. ಕಾಗದ ಕೈಗೆ ಕೊಡುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆತ ಓದಿದ, ಮಡಿಚಿದ, ಜೇಬಿಗೆ ಹಾಕಿಕೊಂಡ. "ಈಗ ಪೈಪ್ ಖಾಲಿ ಅಂದ್ರೆ ಅವಾಗ ಇರ್ಲಿಲ್ಲ ಅಂತ ಅಲ್ವಲ್ಲ" ಅಂದ. ಆ ರಾತ್ರಿ ಶೆಡ್ಡಿಗೆ ಹೋಗಲಿಲ್ಲ ಅಂತ ಆಕೆ ಆಮೇಲೆ ಹೇಳಿದಳು. ಸಂಶಯ ಪೂರ್ತಿ ಹೋಯಿತಾ? ಒಂದೇ ರಾತ್ರಿಗೆ ಹೋಗುವ ವಸ್ತುವಲ್ಲ ಅದು. ಹೆಂಡತಿಗೆ ಹದಿನೈದು ದಿನ ಆತ ತೋರಿಸಿದ ಮುಖವನ್ನು ಆಕೆಯಂತೂ ಅಷ್ಟು ಬೇಗ ಮರೆಯುವುದಿಲ್ಲ.

ಸಹಿ

ಮೊದಲು ಅವರು ಹೋದದ್ದು ಒಂದು ಖಾಸಗಿ ನರ್ಸಿಂಗ್ ಹೋಮಿಗೆ. ಅಲ್ಲಿ ಗಂಡನ ಸಹಿ ಕೇಳಿದರು, ಅತ್ತೆಯನ್ನೂ ಕರೆತನ್ನಿ ಅಂದರಂತೆ. ಗರ್ಭಪಾತದ ಕಾಯ್ದೆ 1971ರದ್ದು. 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಒಪ್ಪಿಗೆಯೊಂದಿದ್ದರೆ ಸಾಕು ಅಂತ ಅದರಲ್ಲಿ ಆಗಿನಿಂದಲೂ ಇದೆ. ಗಂಡನ ಸಹಿ ಬೇಡ. ಅತ್ತೆಯ ಸಹಿಯಂತೂ ಯಾವ ಕಾನೂನಿನಲ್ಲೂ ಇಲ್ಲ. ಗರ್ಭನಿರೋಧಕ ಸೋತು ಬಸಿರು ನಿಂತರೆ ಅದೂ ಒಂದು ಕಾರಣ ಅಂತ ಕಾನೂನು ಮೊದಲೇ ಒಪ್ಪಿತ್ತು. ಆಗ ಅದು ಮದುವೆಯಾದವರಿಗೆ ಮಾತ್ರ ಇತ್ತು. 2021ರ ತಿದ್ದುಪಡಿ "ಗಂಡ" ಅನ್ನುವ ಕಡೆ "ಸಂಗಾತಿ" ಅಂತ ಮಾಡಿತು. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಆಕೆಯ ಹೆಸರನ್ನು ಹೊರಗೆ ಹಾಕಿದರೆ ಶಿಕ್ಷೆಯೂ ಇದೆ.

ಆಕೆಯ ವಿಷಯದಲ್ಲಿ ಕಾನೂನಿಗಿಂತ ಹೃದಯದ ಚಿಂತೆ ದೊಡ್ಡದು. ಹೃದಯದ ಡಾಕ್ಟರೂ ಅರಿವಳಿಕೆ ಡಾಕ್ಟರೂ ಒಂದೇ ಸೂರಿನಡಿ ಇರುವ ಕಡೆಯೇ ಆಗಬೇಕಿತ್ತು. ನಾನು ಪತ್ರ ಬರೆದು ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಿದೆ. ಎಂಟನೇ ವಾರ ಮುಗಿದ ಮೇಲೆ ಅಲ್ಲಿ ಆಯಿತು. ಎರಡು ದಿನ ಇಟ್ಟುಕೊಂಡು ಕಳಿಸಿದರು. ತೊಂದರೆ ಏನೂ ಆಗಲಿಲ್ಲ.

ಅತ್ತೆಗೆ ಹೇಳಿದ್ದು ಹಾರ್ಟ್ ಚೆಕಪ್ ಅಂತ. ಆಮೇಲೆ, ಬಸಿರು ನಿಲ್ಲಲಿಲ್ಲ ಅಂತ. ಆ ಹೆಂಗಸು ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಐದು ಗಂಟೆ ಸಾಲಿನಲ್ಲಿ ನಿಂತು ಇನ್ನೊಬ್ಬ ಮೊಮ್ಮಗ ಬೇಕು ಅಂತ ಹರಕೆ ಹೊತ್ತಿದ್ದರು. ಸೊಸೆ ಆಸ್ಪತ್ರೆಯಿಂದ ಬಂದ ಮಾರನೇ ವಾರ ನನ್ನ ಹತ್ತಿರ ಬಂದು, "ನಮ್ಮ ಸೊಸೆಗೆ ಒಂದು ಟಾನಿಕ್ ಬರ್ಕೊಡಿ ಕಣವ್ವ, ಮುಂದಿನ್ ಸಲನಾದ್ರೂ ನಿಲ್ಲಲಿ" ಅಂದರು. ನಾನು ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಆಕೆಗೆ ಹೇಗೂ ಅದು ಬೇಕಿತ್ತು.

ರಿಜಿಸ್ಟರಿನಲ್ಲಿ

ಈ ಪ್ರಕರಣವನ್ನು ಎಲ್ಲಿ ದಾಖಲಿಸಬೇಕು ಅಂತ ನಮ್ಮ ಆಫೀಸಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಆಪರೇಷನ್ ವಿಫಲ ಅನ್ನುವ ಹಾಗಿಲ್ಲ, ನಾಳ ಸರಿಯಾಗಿಯೇ ಮುಚ್ಚಿದೆ. ವಿಫಲವಾದರೆ ಪರಿಹಾರ ಕೊಡುವ ಸರ್ಕಾರದ ಯೋಜನೆ ಇದೆ, ಆದರೆ ಆತನಿಗೆ ಆಗಿನ್ನೂ ಪ್ರಮಾಣಪತ್ರವೇ ಸಿಕ್ಕಿರಲಿಲ್ಲ. ಹೇಳಬೇಕಾದ ಮಾತು ಹೇಳಲಿಲ್ಲ ಅನ್ನುವುದಕ್ಕೆ ಒಂದು ಕಾಲಮ್ ಇಲ್ಲ.

ಹಳೆಯ ಪುಟ ತಿರುವಿದೆ. ಆ ವರ್ಷ ನಮ್ಮ ವ್ಯಾಪ್ತಿಯಿಂದ ಹೋಗಿ ಮಾಡಿಸಿಕೊಂಡ ಗಂಡಸರು ಮೂವರೇ. ಮೂವರ ಆಪರೇಷನ್ನೂ ಕೆಂಪು ಶಾಯಿಯಲ್ಲಿ ಸಾಧನೆಯ ಸಾಲಿಗೆ ಸೇರಿತ್ತು. ಮೂರು ತಿಂಗಳ ಪರೀಕ್ಷೆ ಮಾಡಿಸಿಕೊಂಡವರು ಈತನ ಹೊರತು ಯಾರೂ ಇಲ್ಲ. ಇವನೂ ಬಂದದ್ದು ಹೇಗೆ ಅಂತ ನೋಡಿದಿರಲ್ಲ.

ಯಾಕೆ ಬರುವುದಿಲ್ಲ ಅಂತ ಉಳಿದಿಬ್ಬರ ಮನೆಗೆ ಹೋಗಿ ಕೇಳಿದೆ. ಒಬ್ಬರಿಗೆ ಪರೀಕ್ಷೆ ಇದೆ ಅಂತಲೇ ಗೊತ್ತಿರಲಿಲ್ಲ. ಇನ್ನೊಬ್ಬರು ಬಂದಿದ್ದರು. ಲ್ಯಾಬಿನಲ್ಲಿ ಕೂತಿದ್ದ ಹೆಣ್ಣುಮಗಳು ಡಬ್ಬಿ ಕೊಟ್ಟು ಶೌಚಾಲಯದ ಕಡೆ ಕೈ ತೋರಿಸಿದ್ದಾಳೆ. ನಮ್ಮ ಶೌಚಾಲಯಕ್ಕೆ ಚಿಲಕ ಇರಲಿಲ್ಲ. ಅವರು ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಬಸ್ ಹತ್ತಿದ್ದರು. ಎರಡು ವರ್ಷದಿಂದ ಚಿಲಕ ಕೆಟ್ಟಿದೆ ಅಂತ ನನಗೆ ಗೊತ್ತಿತ್ತು. ಅದಕ್ಕೂ ಗಂಡಸರ ಆಪರೇಷನ್ನಿಗೂ ಸಂಬಂಧ ಇದೆ ಅಂತ ಗೊತ್ತಿರಲಿಲ್ಲ.

ಚಿಲಕ ಹಾಕಿಸಿದೆವು. ಡಬ್ಬಿಯನ್ನು ಮನೆಗೇ ಕೊಟ್ಟು ಕಳಿಸುತ್ತೇವೆ, ಒಂದು ಗಂಟೆಯೊಳಗೆ ಅಂಗಿಯ ಒಳಜೇಬಿನಲ್ಲಿಟ್ಟು ತಂದರೆ ಸಾಕು. ಏಳನೇ ದಿನದ ಚೀಟಿಯ ಮೇಲೆ "ಮೂರು ತಿಂಗಳು" ಅಂತ ಬರೆಯುವುದನ್ನು ಬಿಟ್ಟು ತಾರೀಖು ಬರೆಯುತ್ತೇವೆ: ಇಂಥ ದಿನದವರೆಗೆ ಪ್ರತಿ ಸಲ ನಿರೋಧ್, ಅವತ್ತು ಪರೀಕ್ಷೆ. ಆಮೇಲೆ ಆತನ ಬಾಯಿಂದ ಅದನ್ನು ಹೇಳಿಸುತ್ತೇವೆ. ಹೆಂಡತಿ ಒಪ್ಪಿ ಬಂದಿದ್ದರೆ ಇಬ್ಬರಿಗೂ ಒಟ್ಟಿಗೆ. ಎಸೆಯದ ಹಾಗೆ ನಿರೋಧ್ ಎಲ್ಲಿಡುತ್ತೀರಿ ಅಂತಲೂ ಕೇಳುತ್ತೇವೆ. ಗಾಡಿಯ ಟೂಲ್ ಬಾಕ್ಸ್ ಅಂತ ಒಬ್ಬ ಹೇಳಿದ, ಒಳ್ಳೆಯ ಜಾಗ.

ಮಾತಿನ ಕಷ್ಟ ಮಾತ್ರ ಹಾಗೇ ಇದೆ. ನಮ್ಮ ಸಿಸ್ಟರ್‌ಗಳು ಮತ್ತು ಆಶಾ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಒಂದು ಮಧ್ಯಾಹ್ನ ಬರೀ ಪದಗಳ ಮೇಲೆ ಮಾತಾಡಿದೆವು. ಲೈಂಗಿಕ ಸಂಪರ್ಕ ಅಂದರೆ ಪಾಠದ ಪುಸ್ತಕ. ಊರಿನ ನೇರ ಮಾತು ಬೈಗುಳ. ನಡುವೆ ಇರುವುದು ಸೇರುವುದು, ಜೊತೆಯಾಗುವುದು, ಒಟ್ಟಿಗೆ ಮಲಗುವುದು. ಒಟ್ಟಿಗೆ ಮಲಗುವುದು ಅಂದರೆ ಮಕ್ಕಳನ್ನು ನಡುವೆ ಹಾಕಿಕೊಂಡು ಮಲಗುವವರಿಗೆ ಬೇರೆಯದೇ ಅರ್ಥ ಬರುತ್ತದೆ ಅಂತ ಒಬ್ಬ ಆಶಾ ಹೇಳಿದಳು, ಎಲ್ಲರೂ ನಕ್ಕೆವು. ಕೊನೆಗೆ "ಗಂಡ ಹೆಂಡತಿ ಸೇರುವಾಗ" ಅನ್ನುವುದಕ್ಕೆ ನಿಂತೆವು. ಎಲ್ಲರ ಕೈಲೂ ಮೂರು ಮೂರು ಸಲ ಗಟ್ಟಿಯಾಗಿ ಹೇಳಿಸಿದೆ. ಮೊದಲ ಸಲ ಯಾರ ದನಿಯೂ ಹೊರಗೆ ಬರಲಿಲ್ಲ, ನನ್ನದೂ.

ಮಾರ್ಚ್ ಮೊದಲ ವಾರ, ಮೂರು ತಿಂಗಳು ತುಂಬಿದ ಮೇಲೆ, ಆತ ಎರಡನೇ ಸಲ ಪರೀಕ್ಷೆ ಮಾಡಿಸಿಕೊಂಡ. ಮತ್ತೆ ಸೊನ್ನೆ. ಪ್ರಮಾಣಪತ್ರ ಬಂತು. ತೆಗೆದುಕೊಳ್ಳಲು ಬಂದವನು ಓದಿ ನನ್ನ ಕೈಗೇ ವಾಪಸ್ ಕೊಟ್ಟ. "ಇಲ್ಲೇ ಇರ್ಲಿ ಮೇಡಂ. ಮನೇಲಿದ್ರೆ ಅವ್ವ ಮೊಮ್ಮಗಳ ಕೈಲಿ ಓದಿಸ್ತಾಳೆ."

ಆಕೆಯ ಇಂಜೆಕ್ಷನ್ ಕಾರ್ಡಿನ ಹಿಂದೆ ಪಿನ್ ಹಾಕಿ ಇಟ್ಟೆವು. 21 ದಿನಕ್ಕೊಮ್ಮೆ ಆ ಕಾರ್ಡು ಹೊರಗೆ ಬರುತ್ತದೆ. ಆಕೆ ಅದನ್ನು ತಿರುಗಿಸಿ ಒಮ್ಮೆ ನೋಡುತ್ತಾಳೆ, ಆಮೇಲೆ ಇಂಜೆಕ್ಷನ್ನಿಗೆ ಸಿದ್ಧಳಾಗುತ್ತಾಳೆ.